ಒಂದು ಪುಳಿಯೋಗರೆ, ಎರಡು ಸೆನ್ಸರ್

ದ್ವಾರಕನಾಥ ಅನ್ನ ಬಿಟ್ಟದ್ದು ಕಂಪನಿ ಬಸ್ಸಿನಲ್ಲಿ. ಬೆಳಗಿನ ಬಸ್ಸು ಸಿಂಗಾಪುರದ ಜುರಾಂಗ್ ಐಲ್ಯಾಂಡಿನ ಚೆಕ್‌ಪಾಯಿಂಟಿನಲ್ಲಿ ಸಾಲು ಹಿಡಿದು ನಿಂತಿತ್ತು. ಪಕ್ಕದ ಸೀಟಿನ ಹಯಗ್ರೀವ ವಾರಗಟ್ಟಲೆ ಹೇಳುತ್ತ ಬಂದದ್ದನ್ನೇ ಅವತ್ತೂ ಹೇಳುತ್ತಿದ್ದ. ಕೇಳಿ ಕೇಳಿ ದ್ವಾರಕನಾಥ, ‘ಆಯ್ತಪ್ಪ, ಇವತ್ತಿಂದಲೇ’ ಅಂದುಬಿಟ್ಟ.

ದ್ವಾರಕನಾಥ ಅಲ್ಲಿನ ಒಂದು ರಿಫೈನರಿಯಲ್ಲಿ ಪ್ರೋಸೆಸ್ ಎಂಜಿನಿಯರ್. ಮೈಸೂರಿನವನು, ಐವತ್ತು ದಾಟಿದವನು, ಮಾತು ಕಡಿಮೆ, ದನಿ ಅದಕ್ಕಿಂತ ಕಡಿಮೆ. ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಹಿಂದಿನ ಸಲ ತೋರಿಸಿದಾಗ ಶುಗರ್ ಇಳಿದಿಲ್ಲವೆಂದು ಡಾಕ್ಟರು ಮೊದಲಿದ್ದ ಮಾತ್ರೆಯ ಜೊತೆಗೆ ಎರಡನೆಯದೊಂದನ್ನು ಸೇರಿಸಿದ್ದರು. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಹಯಗ್ರೀವ ಅದೇ ಪ್ಲಾಂಟಿನ ಮೆಂಟೆನೆನ್ಸಿನವನು, ವಯಸ್ಸಿನಲ್ಲಿ ಚಿಕ್ಕವನು. ವರ್ಷದಿಂದ ಅನ್ನ, ಗೋಧಿ, ರಾಗಿ ಯಾವುದನ್ನೂ ಮುಟ್ಟದೆ ಪ್ಯಾಂಟುಗಳನ್ನೆಲ್ಲ ಹೊಸದಾಗಿ ಹೊಲಿಸಿಕೊಂಡಿದ್ದ. ಅವನ ವಾದ ಸರಳವಾಗಿತ್ತು. ತಿಂದ ಅನ್ನ ಹೊಟ್ಟೆಯಲ್ಲಿ ಸಕ್ಕರೆಯಾಗುತ್ತದೆ. ಸಕ್ಕರೆ ರಕ್ತಕ್ಕೆ ಬಂದರೆ ಅದನ್ನು ಸಾಗಿಸಲು ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಬೇಕು. ನಮ್ಮಂಥವರ ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲವಾದ್ದರಿಂದ ಅದು ಇನ್ನಷ್ಟು ಸುರಿಸುತ್ತದೆ, ಸುರಿಸಿ ಸುರಿಸಿ ಸೋಲುತ್ತದೆ. ಹಾಗಾದರೆ ಅನ್ನವನ್ನೇ ನಿಲ್ಲಿಸಿದರಾಯಿತಲ್ಲ. ಜೀವಮಾನವೆಲ್ಲ ಪೈಪುಗಳೊಳಗೆ ಏನು ಎಷ್ಟು ಹರಿಯಬೇಕೆಂದು ಲೆಕ್ಕ ಹಾಕಿದವನಿಗೆ ಆ ಮಾತು ಬಹಳ ಹಿಡಿಸಿತು.

ಹಿಡಿಸದೆ ಇದ್ದದ್ದು ಮನೆಯಲ್ಲಿ. ದ್ವಾರಕನಾಥನ ಹೆಂಡತಿ ಅಲಮೇಲು ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿದ್ದಳು. ಸಾಲ ಕೇಳಿ ಬಂದ ಕಂಪನಿಗಳು ಎಲ್ಲಿ ಮುಗ್ಗರಿಸಬಹುದೆಂದು ಮುಂಚೆಯೇ ಹುಡುಕುವುದು ಅವಳ ಉದ್ಯೋಗ. ಆದರೆ ಸಿಂಗಾಪುರದ ಕನ್ನಡದವರ ನಡುವೆ ಅವಳ ಹೆಸರು ಓಡಾಡುತ್ತಿದ್ದದ್ದು ಪುಳಿಯೋಗರೆಯಿಂದ. ಅವಳು ಗೊಜ್ಜು ಕುದಿಸುವ ದಿನ ಲಿಫ್ಟಿನ ಬಾಗಿಲು ತೆರೆಯುತ್ತಲೇ ಹುಣಸೆ, ಎಳ್ಳು, ಇಂಗಿನ ಘಮ ಬಂದವರನ್ನು ಹಿಡಿದು ನಿಲ್ಲಿಸುತ್ತಿತ್ತು. ಬೇರೆ ಕಾಂಡೋ ಅಪಾರ್ಟ್‌ಮೆಂಟುಗಳಿಂದ ಜನ ಖಾಲಿ ಬಾಟಲಿ ಹಿಡಿದು ಬರುತ್ತಿದ್ದರು.

ಗಂಡನ ತೀರ್ಮಾನ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು. “ಡಾಕ್ಟರಿಗೆ ಹೇಳಿದ್ರಾ?”

“ತಿನ್ನೋದು ಬಿಡೋದು ನನ್ನ ಇಷ್ಟ. ಅದಕ್ಕೂ ಡಾಕ್ಟರ್ ಪರ್ಮಿಷನ್ ಬೇಕಾ?” ಎಂದ ದ್ವಾರಕನಾಥ.

ಅವಳು ಗೊಜ್ಜಿನ ಭರಣಿಯನ್ನು ಫ್ರಿಜ್ಜಿನ ಹಿಂದಿನ ಸಾಲಿಗೆ ತಳ್ಳಿದಳು.

ಮೊದಲ ಕೆಲವು ವಾರ ಎಲ್ಲವೂ ಹಯಗ್ರೀವ ಹೇಳಿದಂತೆಯೇ ನಡೆಯಿತು. ಬೆಳಗ್ಗೆ ಪನೀರು, ಮಧ್ಯಾಹ್ನ ಹುರುಳಿಕಾಯಿ ಮತ್ತು ತೋಫು, ರಾತ್ರಿ ಸೊಪ್ಪು, ಮೊಸರು. ಬೆರಳು ಚುಚ್ಚಿ ನೋಡಿಕೊಂಡರೆ ಊಟದ ನಂತರ ಹದಿಮೂರು ಹದಿನಾಲ್ಕಕ್ಕೆ ಏರುತ್ತಿದ್ದ ಶುಗರ್ ಈಗ ಏಳೆಂಟಕ್ಕೇ ನಿಲ್ಲುತ್ತಿತ್ತು. ಸಂಭ್ರಮದಿಂದ ಮೈಸೂರಿನ ತಂಗಿಗೆ ಫೋನ್ ಮಾಡಿ, ನನ್ನ ಶುಗರ್ ಈಗ ಏಳು ಎಂದ. ಅವಳು ಗಾಬರಿಯಾಗಿ, ಏಳು ಅಂದರೆ ಮನುಷ್ಯ ಬದುಕಿರುವುದಿಲ್ಲ, ತಕ್ಷಣ ಆಸ್ಪತ್ರೆಗೆ ಸೇರು ಎಂದು ಅಳತೊಡಗಿದಳು. ಸಿಂಗಾಪುರದಲ್ಲಿ ಅಳತೆಯ ಲೆಕ್ಕವೇ ಬೇರೆ, ಇಲ್ಲಿನ ಏಳನ್ನು ಹದಿನೆಂಟರಿಂದ ಗುಣಿಸಿದರೆ ಅಲ್ಲಿನ ನೂರಿಪ್ಪತ್ತಾರು ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಅವಳ ಗಂಡ ಟ್ರಾವೆಲ್ ಏಜೆಂಟಿಗೆ ಫೋನ್ ಹಚ್ಚಿಯಾಗಿತ್ತು.

ಗೆದ್ದವನು ಉಪದೇಶಕ್ಕೆ ಇಳಿಯುವುದು ಲೋಕರೂಢಿ. ಮಾತು ಕಡಿಮೆಯಿದ್ದ ದ್ವಾರಕನಾಥನಿಗೆ ಅನ್ನದ ವಿಷಯದಲ್ಲಿ ನಾಲಗೆ ಬಂತು. ಒನ್-ನಾರ್ತ್‌ನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ ಮಗಳು ವಿಭಾ ಪಾಸ್ತಾ ತರಿಸಿಕೊಂಡರೆ ಪಕ್ಕದಲ್ಲೇ ಕುಳಿತು ಅದು ಎಷ್ಟು ಚಮಚ ಸಕ್ಕರೆಗೆ ಸಮವೆಂದು ಹೇಳುತ್ತಿದ್ದ. ಅವಳು ಇಯರ್‌ಫೋನ್ ಹಾಕಿಕೊಂಡು ತಿನ್ನುವುದನ್ನು ಕಲಿತಳು. ಅಲಮೇಲು ಮಾತ್ರ ಗಂಡನಿಗಾಗಿ ಒಂದು ಭಾನುವಾರ ಹೂಕೋಸನ್ನು ಅನ್ನದ ಹಾಗೆ ತುರಿದು, ಅದಕ್ಕೆ ಗೊಜ್ಜು ಕಲಸಿ ಮುಂದಿಟ್ಟಳು. ಅವನು ಚೆನ್ನಾಗಿದೆ ಎಂದು ತಿಂದ. ಅವಳು ಒಂದು ತುತ್ತು ಬಾಯಿಗಿಟ್ಟು, ಇದು ಹೂಕೋಸಿಗೂ ಅವಮಾನ, ಗೊಜ್ಜಿಗೂ ಅವಮಾನ ಎಂದು ತಟ್ಟೆಯನ್ನು ಸರಿಸಿದಳು. ಅವತ್ತಿನಿಂದ ಇಬ್ಬರಿಗೂ ಅಡುಗೆ ಬೇರೆ ಬೇರೆಯಾಯಿತು. ಒಂದೇ ಮೇಜು, ಎರಡು ಊಟ.

ಅಷ್ಟರಲ್ಲಿ ದ್ವಾರಕನಾಥನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕೈ ನಡುಗುವುದು, ಎಸಿ ಕೋಣೆಯಲ್ಲೂ ಬೆವರುವುದು ಶುರುವಾಯಿತು. ಹಯಗ್ರೀವನನ್ನು ಕೇಳಿದ. ತನಗೂ ಮೊದಮೊದಲು ಹಾಗೇ ಆಗಿತ್ತು, ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೆ ಸರಿಹೋಗುತ್ತದೆ ಎಂದ ಅವನು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹಯಗ್ರೀವನಿಗೆ ಕಾಯಿಲೆಯೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ ಎಂಬುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಅದರ ಫಲ ಹೊರಬಿದ್ದದ್ದು ಕಾಂಡೋದ ವಾರ್ಷಿಕ ಸಭೆಯಲ್ಲಿ, ನೆರೆಹೊರೆಯವರೆಲ್ಲರ ಎದುರಿಗೆ.

ಸಭೆ ಶನಿವಾರ ಸಂಜೆಗಿತ್ತು. ದ್ವಾರಕನಾಥ ಸಮಿತಿಯ ಕಾರ್ಯದರ್ಶಿ. ಮಧ್ಯಾಹ್ನ ಒಂದಿಷ್ಟು ಸೌತೆಕಾಯಿ ತಿಂದು ಬಂದಿದ್ದ. ಲಿಫ್ಟಿನಲ್ಲಿ ಗಬ್ಬು ನಾತದ ಡುರಿಯನ್ ಹಣ್ಣು ಒಯ್ಯಬಹುದೇ ಬಾರದೇ ಎಂಬ ವಿಷಯವೇ ಬಹಳ ಹೊತ್ತು ಎಳೆಯಿತು. ಆಮೇಲೆ ಈಜುಕೊಳದ ಪಂಪಿನ ವಿಷಯ ಬಂತು. ಪಂಪು ಸದ್ದು ಮಾಡುತ್ತದೆಂದು ಯಾರೋ ಹೇಳಿದರು, ಅಷ್ಟೇ. ದ್ವಾರಕನಾಥ ಎದ್ದು ನಿಂತ. ಮೇಜು ಗುದ್ದಿದ. ಪಂಪನ್ನು ನೋಡಿಕೊಳ್ಳುವವರಿಗೆ, ಕೊಂಡವರಿಗೆ, ಅದನ್ನು ಕಂಡುಹಿಡಿದವರಿಗೆ ಒಟ್ಟಾಗಿ ಛೀಮಾರಿ ಹಾಕಿದ. ಇಂಗ್ಲಿಷಿನಲ್ಲಿ ಶುರುವಾದ ಭಾಷಣ ಯಾವಾಗಲೋ ಕನ್ನಡಕ್ಕೆ ಜಾರಿತ್ತು. ಚೀನೀ, ಮಲಾಯ್, ಫ್ರೆಂಚ್ ನೆರೆಹೊರೆಯವರು ಬೆಪ್ಪಾಗಿ ನೋಡಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಲಮೇಲುವಿಗೆ ಒಂದೊಂದು ಪದವೂ ಅರ್ಥವಾಗುತ್ತಿತ್ತು. ಆದರೆ ಗಂಡನ ಬಾಯಲ್ಲಿ ಅಂಥ ಪದಗಳನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ಎದ್ದು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ಮುಂದಿನ ಸಾಲಿನಿಂದ ಮೇಡಂ ಕ್ವೆಕ್ ಎದ್ದಿದ್ದರು.

ಮೇಡಂ ಕ್ವೆಕ್ ಅದೇ ಮಹಡಿಯವರು, ನಿವೃತ್ತ ನರ್ಸು. ಕಾರಿಡಾರಿನಲ್ಲಿ ಅವರು ಸಾಲಾಗಿ ಇಟ್ಟಿದ್ದ ಹೂಕುಂಡಗಳ ಬಗ್ಗೆ ದ್ವಾರಕನಾಥ ಕಾರ್ಯದರ್ಶಿಯಾಗಿ ಮೂರು ಸಲ ನೋಟಿಸು ಕಳಿಸಿದ್ದ. ಇಬ್ಬರಿಗೂ ಮಾತಿರಲಿಲ್ಲ. ಅವರು ಬಂದು ಅವನ ಮಣಿಕಟ್ಟು ಹಿಡಿದರು, ಹಣೆ ಮುಟ್ಟಿದರು, ತಿರುಗಿ ಅಲಮೇಲುವನ್ನು ಒಂದೇ ಮಾತು ಕೇಳಿದರು: ಇವರಿಗೆ ಡಯಾಬಿಟಿಸ್ ಇದೆಯಾ. ಹೌದು ಎಂದದ್ದೇ ತಡ, ಸಭೆಗೆಂದು ತಂದಿದ್ದ ಮೈಲೋ ಎಂಬ ಸಿಹಿ ಪೇಯದ ಪ್ಯಾಕೆಟ್ಟಿಗೆ ಸ್ಟ್ರಾ ಚುಚ್ಚಿ ಅವನ ಬಾಯಿಗೆ ಹಿಡಿದರು.

ಸಕ್ಕರೆ ಇದೆ, ನಾನು ಕುಡಿಯುವುದಿಲ್ಲ ಎಂದು ಅವನು ಕನ್ನಡದಲ್ಲೇ ಹಠ ಮಾಡಿದ.

“ಫಸ್ಟ್ ಡ್ರಿಂಕ್ ಲಾ, ದೆನ್ ಫೈಟ್,” ಎಂದರು ಮೇಡಂ ಕ್ವೆಕ್.

ಆ ದನಿಗೆ ಎಷ್ಟೋ ವಾರ್ಡುಗಳು ತೆಪ್ಪಗಾಗಿದ್ದಿರಬೇಕು. ದ್ವಾರಕನಾಥ ಕುಡಿದ. ಅವರು ಮನೆಯಿಂದ ತರಿಸಿದ ಮೀಟರಿನಲ್ಲಿ ನೋಡಿದರೆ ಅವನ ಶುಗರ್ ಮೂರೂ ಇರಲಿಲ್ಲ, ಊರಿನ ಲೆಕ್ಕದಲ್ಲಿ ಐವತ್ತರ ಆಸುಪಾಸು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ ಐದರ ಹತ್ತಿರ ಬಂದಿತ್ತು. ಅವರು ನಾಲ್ಕು ಬಿಸ್ಕತ್ತು ಕೊಟ್ಟು ಎದುರಿಗೇ ಕುಳಿತು ತಿನ್ನಿಸಿದರು. ಸುತ್ತಲೂ ನಿಂತವರನ್ನು ದ್ವಾರಕನಾಥ ಒಬ್ಬೊಬ್ಬರಾಗಿ ಗುರುತಿಸಿದ. ತಾನು ಏನು ಹೇಳಿದೆನೆಂದು ಮೆಲ್ಲಗೆ ಹೆಂಡತಿಯನ್ನು ಕೇಳಿದ. ಅದನ್ನು ಯಾರಿಗೂ ತರ್ಜುಮೆ ಮಾಡಿ ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟಳು. ಮನೆಗೆ ಹೋದ ಮೇಲೆ ಮಾತ್ರ ಬಾಗಿಲು ಹಾಕಿ, ಬೈದು, ಅತ್ತು, ಮತ್ತೆ ಬೈದಳು.

ಅವನನ್ನು ಮೊದಲಿನಿಂದ ನೋಡುತ್ತಿದ್ದ ಪಾಲಿಕ್ಲಿನಿಕ್ಕಿನ ಡಾಕ್ಟರ್ ಸಿಯಾವ್ ಎಲ್ಲವನ್ನೂ ಕೇಳಿ ನಗಲೂ ಇಲ್ಲ, ಗದರಲೂ ಇಲ್ಲ. ಅನ್ನ ಕಡಿಮೆ ಮಾಡಿದ್ದು ತಪ್ಪಲ್ಲ ಎಂದರು. ಅದರಿಂದ ಊಟದ ನಂತರ ಸಕ್ಕರೆ ಏರುವುದು ಕಡಿಮೆಯಾಗುತ್ತದೆ, ಅದನ್ನು ಇಳಿಸಲು ಬೇಕಾಗುವ ಇನ್ಸುಲಿನ್ನೂ ಕಡಿಮೆಯಾಗುತ್ತದೆ, ಬಹಳ ಜನರಿಗೆ ಅನುಕೂಲವಾಗಿದೆ. ತಪ್ಪಾದದ್ದು ಮಾತ್ರೆಯ ವಿಷಯದಲ್ಲಿ. ಆ ಎರಡನೆಯ ಮಾತ್ರೆ ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಡಿಸುವಂಥದ್ದು. ತಟ್ಟೆಯಲ್ಲಿ ಅನ್ನವಿದೆಯೋ ಸೌತೆಕಾಯಿಯಿದೆಯೋ ಅದು ನೋಡುವುದಿಲ್ಲ. ಅನ್ನ ಇಳಿಸಿದರೆ ಮಾತ್ರೆಯನ್ನೂ ಇಳಿಸಬೇಕಿತ್ತು. ಅವರು ಆ ಮಾತ್ರೆ ನಿಲ್ಲಿಸಿ ಮೊದಲಿನದನ್ನು ಮಾತ್ರ ಉಳಿಸಿದರು. ಪೂರ್ತಿ ಬಿಡುವ ಬದಲು ಯಾವುದನ್ನು ಎಷ್ಟು ತಿಂದರೆ ಮೈ ತಡೆಯುತ್ತದೆಂದು ನೋಡಿಕೊಳ್ಳಿ, ಎರಡು ವಾರ ತೋಳಿಗೆ ಸೆನ್ಸರ್ ಹಾಕಿಕೊಂಡರೆ ಗೊತ್ತಾಗುತ್ತದೆ ಎಂದರು. ಹೊರಡುವಾಗ, ಮುಂದಿನ ಸಲ ಏನಾದರೂ ಬಿಡಬೇಕೆನಿಸಿದರೆ ಮೊದಲು ನನಗೆ ಹೇಳಿ ಎಂದು ಸೇರಿಸಿದರು. ಅಲಮೇಲು ಗಂಡನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಸೆನ್ಸರ್ ಆನ್‌ಲೈನಿನಲ್ಲಿ ತರಿಸಿದ್ದು ವಿಭಾ. ಯಾವುದೋ ಆಫರಿನಲ್ಲಿ ಎರಡು ಬಂದವು. ದೊಡ್ಡ ಗುಂಡಿಯಷ್ಟು ಅಗಲದ ಬಿಳಿ ಬಿಲ್ಲೆ. ತೋಳಿಗೆ ಒತ್ತಿದರೆ ಅಂಟಿಕೊಂಡು ಕೂರುತ್ತಿತ್ತು, ಫೋನ್ ಹತ್ತಿರ ಹಿಡಿದರೆ ಸಕ್ಕರೆಯ ಏರಿಳಿತವೆಲ್ಲ ಗೆರೆಯಾಗಿ ಕಾಣುತ್ತಿತ್ತು. ದ್ವಾರಕನಾಥ ಒಂದನ್ನು ಹಾಕಿಕೊಂಡ. ಇನ್ನೊಂದನ್ನು ನೋಡುತ್ತಿದ್ದ ಅಲಮೇಲು ತಾನೇ ತೋಳು ಚಾಚಿದಳು.

“ನಂಗೂ ಹಾಕು, ವಿಭಾ. ಈ ಭಾನುವಾರ ಪುಳಿಯೋಗರೆ ಮಾಡ್ತೀನಿ. ಅದರಲ್ಲಿ ವಿಷ ಏನಿದೆ, ಎಷ್ಟಿದೆ, ಇಬ್ಬರ ಮೈ ಮೇಲೂ ನೋಡೇಬಿಡೋಣ.”

ಭಾನುವಾರ ಗೊಜ್ಜಿನ ಭರಣಿ ಹಿಂದಿನ ಸಾಲಿನಿಂದ ಮುಂದಕ್ಕೆ ಬಂತು. ದ್ವಾರಕನಾಥ ಡಾಕ್ಟರು ಹೇಳಿಕೊಟ್ಟ ಕ್ರಮದಲ್ಲಿ ಕುಳಿತ: ಮೊದಲು ಕೋಸಂಬರಿ, ಆಮೇಲೆ ಹುರುಳಿಕಾಯಿ ಪಲ್ಯ, ಒಂದು ಬಟ್ಟಲು ಗಟ್ಟಿ ಮೊಸರು, ಕೊನೆಗೆ ಒಂದೇ ಸೌಟು ಪುಳಿಯೋಗರೆ. ಎಷ್ಟೋ ವಾರಗಳ ಮೇಲೆ ಬಾಯಿಗೆ ಬಿದ್ದ ಆ ಒಂದು ಸೌಟನ್ನು ಅವನು ಒಂದೊಂದು ಕಡಲೆಕಾಯಿ ಬೀಜವನ್ನೂ ಬೇರೆಯಾಗಿ ಅಗಿದು ತಿಂದ. ಅಲಮೇಲು ತನ್ನ ವಾಡಿಕೆಯಂತೆ ಕುಳಿತಳು. ಅಡುಗೆ ಮಾಡಿ ಹಸಿದಿದ್ದಳು. ತಟ್ಟೆ ತುಂಬ ಪುಳಿಯೋಗರೆ, ಮೇಲೊಂದಿಷ್ಟು, ಕೊನೆಗೆ ಮೊಸರನ್ನ.

ವಿಭಾ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕಾವಲು ಕುಳಿತಳು. ಅಪ್ಪನ ಗೆರೆ ನಿಧಾನವಾಗಿ ಎದ್ದು ಒಂಬತ್ತರ ಹತ್ತಿರ ಹೋಗಿ ಇಳಿಯತೊಡಗಿತು. ದ್ವಾರಕನಾಥ ಉಸಿರು ಬಿಟ್ಟ. ಅಮ್ಮನ ಗೆರೆ ನೆಟ್ಟಗೆ ಮೇಲೆ ಹೊರಟಿತು. ಒಂಬತ್ತು ದಾಟಿತು, ಹತ್ತೂ ದಾಟಿತು, ದಾಟಿದ್ದು ಬೇಗ ಇಳಿಯಲೂ ಇಲ್ಲ.

ಸೆನ್ಸರ್ ಕೆಟ್ಟಿದೆ ಎಂದಳು ಅಲಮೇಲು. ವಿಭಾ ಬೆರಳು ಚುಚ್ಚಿ ನೋಡಿದಳು, ಅದೂ ಹಾಗೇ ಹೇಳಿತು. ಮರುದಿನ ಇಡ್ಲಿಗೂ, ಅದರ ಮರುದಿನ ಅವಲಕ್ಕಿಗೂ ಅದೇ ಕಥೆ. ಕೊನೆಗೆ ಡಾಕ್ಟರ್ ಸಿಯಾವ್ ಅವಳ ರಕ್ತ ಪರೀಕ್ಷೆ ಮಾಡಿಸಿದರು. ಕಾಯಿಲೆ ಇನ್ನೂ ಬಂದಿರಲಿಲ್ಲ, ಆದರೆ ಹೊಸ್ತಿಲಿನಲ್ಲಿ ನಿಂತಿತ್ತು. ಮೈ ಸರಿಯಾಗಿ ಕೇಳದಿದ್ದರೂ ಮೇದೋಜೀರಕ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಹೇಗೋ ನಿಭಾಯಿಸುತ್ತಿರಬೇಕು, ಅದಕ್ಕೇ ಇಷ್ಟು ದಿನ ಗೊತ್ತಾಗಿಲ್ಲ, ಅದು ಸುಸ್ತಾಗುವ ಮೊದಲೇ ಕಂಡದ್ದು ಒಳ್ಳೆಯದಾಯಿತು ಎಂದರು.

ಅವತ್ತು ಮನೆಗೆ ಬಂದು ಅಲಮೇಲು ಬಾಲ್ಕನಿಯಲ್ಲಿ ಕುಳಿತಳು. ಸಣಕಲು ಮೈಯವಳು, ಯಾವತ್ತೂ ಒಂದು ಮಾತ್ರೆ ನುಂಗದವಳು, ಎಲ್ಲಿ ಅಪಾಯವಿದೆಯೆಂದು ಹುಡುಕುವುದನ್ನೇ ಕಸುಬು ಮಾಡಿಕೊಂಡವಳು. ದ್ವಾರಕನಾಥ ಕಾಫಿ ತಂದು ಪಕ್ಕದಲ್ಲಿ ಕುಳಿತ. ಇಷ್ಟು ದಿನ ಪಾಸ್ತಾಕ್ಕೂ ಪರೋಟಕ್ಕೂ ಭಾಷಣ ಮಾಡಿದ್ದ ಮನುಷ್ಯ ಈಗ ಬಾಯಿ ಬಿಡಲಿಲ್ಲ.

“ಹೇಳಿ, ಏನಾದ್ರೂ ಹೇಳಿ. ನಾನು ನಿಮ್ಮನ್ನ ಅಷ್ಟು ಆಡಿಕೊಂಡೆ. ಈಗ ನಿಮ್ಮ ಟರ್ನ್,” ಎಂದಳು ಅವಳು.

“ನಾನು ಹೇಳೋದು ಏನಿದೆ? ನಾಳೆಯಿಂದ ಹುರುಳಿಕಾಯಿ ನಾನು ಹೆಚ್ಚುತೀನಿ. ನೀನು ಎರಡು ಅಡುಗೆ ಮಾಡೋದು ಬೇಡ, ಒಂದೇ ಸಾಕು.”

“ನನ್ನ ಪುಳಿಯೋಗರೆಲೇ ತಪ್ಪಿದ್ದರೆ?”

“ತಪ್ಪು ಅದರದ್ದಲ್ಲ, ಅಲಮೇಲು. ಮೊನ್ನೆ ಒಂದು ಸೌಟು ತಿಂದೆನಲ್ಲ, ನಾನು ಏನಾದೆ? ತೃಪ್ತಿಯಾಗಿ ಮಲಗಿದೆ.”

ಅವಳು ಕಾಫಿ ಕುಡಿದಳು. ಅದರಲ್ಲಿ ಅವನು ಸಕ್ಕರೆ ಹಾಕಿರಲಿಲ್ಲ. ಗೊತ್ತಾದರೂ ಅವಳು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

ಸೆನ್ಸರಿನ ಉಳಿದ ದಿನಗಳಲ್ಲಿ ಆ ಮನೆ ಲ್ಯಾಬೋರೇಟರಿಯಾಯಿತು. ಒಂದೇ ತಿಂಡಿ ಇಬ್ಬರೂ ತಿಂದು ಗೆರೆ ನೋಡುವುದು, ತಿಂದು ನಡೆದು ನೋಡುವುದು, ನಡೆಯದೆ ನೋಡುವುದು. ಹೆಸರುಬೇಳೆ ದೋಸೆಗೆ ಇಬ್ಬರ ಗೆರೆಯೂ ಅಲ್ಲಾಡಲಿಲ್ಲ ಎನ್ನಬೇಕು. ಕೆಂಪಕ್ಕಿಯ ಮೇಲೆ ಬಹಳ ಭರವಸೆಯಿತ್ತು. ಅದು ಬಿಳಿಯಕ್ಕಿಗಿಂತ ಸ್ವಲ್ಪವೇ ವಾಸಿ ಎಂದು ಗೊತ್ತಾಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ರಾಗಿ ಮುದ್ದೆ. ರಾಗಿ ತಿಂದವನಿಗೆ ರೋಗವಿಲ್ಲ ಎಂದೇ ಕೇಳಿ ಬೆಳೆದ ದ್ವಾರಕನಾಥ ಧೈರ್ಯವಾಗಿ ದೊಡ್ಡ ಮುದ್ದೆಯನ್ನೇ ನುಂಗಿದ. ಅವನ ಗೆರೆ ಅನ್ನವನ್ನೂ ಮೀರಿಸಿ ಏರಿತು. ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ಈ ವಿಷಯ ಮೈಸೂರಿಗೆ ತಿಳಿಯುವುದು ಬೇಡ ಎಂದ. ಅಲಮೇಲು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮುದ್ದೆಯನ್ನು ಅರ್ಧ ಮಾಡಿ, ಸೊಪ್ಪಿನ ಸಾರನ್ನು ಇಮ್ಮಡಿ ಮಾಡಿ ಮತ್ತೆ ನೋಡಿದಾಗ ಗೆರೆ ತಗ್ಗಿತು. ಮನೆಯ ಲೆಕ್ಕವೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಂತಿತು: ಪಲ್ಯ ಮೊದಲು, ಬೇಳೆ ಧಾರಾಳ, ಅನ್ನ ಕೊನೆಗೆ ಮತ್ತು ಕಡಿಮೆ, ತಿಂದ ಮೇಲೆ ಕೂರಬಾರದು.

ಹಯಗ್ರೀವ ಒಂದು ಸಂಜೆ ಕ್ಷಮೆ ಕೇಳಲು ಬಂದ. ತನ್ನ ಮಾತಿನಿಂದ ಹೀಗಾಯಿತೆಂದು ಬಸ್ಸಿನಲ್ಲೇ ಹಲವು ಸಲ ಕೇಳಿದ್ದ, ಆದರೂ ಅಲಮೇಲುವಿನ ಎದುರು ಕೇಳದೆ ಸಮಾಧಾನವಿರಲಿಲ್ಲ. ಮುಖ ಬಾಡಿತ್ತು. ವಿಚಾರಿಸಿದರೆ ಅವನಿಗೇ ಒಂದು ಹೆದರಿಕೆ ಹಿಡಿದಿತ್ತು. ಹಿಂದಿನ ವಾರ ನೆಂಟರ ಗೃಹಪ್ರವೇಶದಲ್ಲಿ, ವರ್ಷದ ಮೇಲೆ, ಎರಡು ಹೋಳಿಗೆ ತಿಂದಿದ್ದ. ಅಲ್ಲಿ ಯಾರದೋ ಮೀಟರಿನಲ್ಲಿ ತಮಾಷೆಗೆ ನೋಡಿಕೊಂಡರೆ ಹನ್ನೊಂದರ ಮೇಲಿತ್ತು. ಇಷ್ಟು ಕಟ್ಟುನಿಟ್ಟಾಗಿದ್ದೂ ತನಗೂ ಕಾಯಿಲೆ ಬಂತೆಂದು ನಿದ್ದೆಗೆಟ್ಟಿದ್ದ. ಅಲಮೇಲು ಈ ಸಲ ಕೇಳಿದ್ದೂ ಅದೇ ಪ್ರಶ್ನೆ, ಡಾಕ್ಟರಿಗೆ ಹೇಳಿದಿರಾ ಎಂದು. ಹೇಳಿರಲಿಲ್ಲ. ಅವಳೇ ಅಪಾಯಿಂಟ್‌ಮೆಂಟ್ ಬುಕ್ ಮಾಡಿ ಕಳಿಸಿದಳು.

ಅಲ್ಲಿ ಗೊತ್ತಾದದ್ದೇನೆಂದರೆ, ಬಹಳ ಕಾಲ ಪಿಷ್ಟ ಪದಾರ್ಥ ಮುಟ್ಟದ ಮೈ ಇದ್ದಕ್ಕಿದ್ದಂತೆ ಸಿಹಿ ಬಿದ್ದರೆ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ಇನ್ಸುಲಿನ್ ಬೇಗ ಹೊರಡುವ ಅಭ್ಯಾಸ ತಪ್ಪಿರುತ್ತದೆ. ಅದೊಂದನ್ನೇ ನೋಡಿ ಕಾಯಿಲೆ ಎನ್ನುವಂತಿಲ್ಲ. ಕೆಲವು ದಿನ ಸಾಧಾರಣವಾಗಿ ಉಂಡು ಆಮೇಲೆ ಪರೀಕ್ಷೆ ಮಾಡಿಸಿ ಎಂದು ಹೇಳಿ ಕಳಿಸಿದರಂತೆ. ಮಾಡಿಸಿದ, ಎಲ್ಲ ಸರಿಯಾಗಿತ್ತು. ಆ ‘ಸಾಧಾರಣವಾಗಿ ಉಣ್ಣುವ’ ದಿನಗಳಲ್ಲಿ ಎರಡನ್ನು ಅವನು ಇವರ ಮನೆಯಲ್ಲೇ ಕಳೆದ. ಪುಳಿಯೋಗರೆಯ ಮೊದಲ ತುತ್ತಿಗೆ ಅವನು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ ವಿಭಾ ಫೋಟೋ ತೆಗೆದಿಟ್ಟಳು.

ಮೂರು ತಿಂಗಳ ಮೇಲೆ ಇಬ್ಬರ ರಕ್ತ ಪರೀಕ್ಷೆಯೂ ಬಂತು. ಮೊದಲು ಎರಡು ಮಾತ್ರೆ ಕೇಳಿದ್ದ ದ್ವಾರಕನಾಥನ ಶುಗರ್ ಈಗ ಒಂದೇ ಮಾತ್ರೆಯಲ್ಲಿ ಡಾಕ್ಟರು ಬಯಸಿದ ಮಟ್ಟಕ್ಕೆ ಬಂದಿತ್ತು. ಕಾಯಿಲೆ ಹೋಯಿತೆಂದು ತಿಳಿಯಬೇಡಿ, ಹತೋಟಿಯಲ್ಲಿದೆ ಅಷ್ಟೇ ಎಂದರು ಡಾಕ್ಟರ್ ಸಿಯಾವ್. ಅಲಮೇಲುವಿನದು ಕಾಯಿಲೆಯ ಹೊಸ್ತಿಲಿನಿಂದ ಈಚೆಗೆ ಬಂದಿತ್ತು; ಹೊಸ್ತಿಲಿಗೆ ತಾಗಿಕೊಂಡೇ, ಆದರೂ ಈಚೆಗೆ. ಬ್ಯಾಂಕಿನಲ್ಲಿ ಇಂಥ ಕಂಪನಿಗೆ ನಾನಾದರೆ ಸಾಲ ಕೊಡುತ್ತೇನೆ, ಆದರೆ ಮೇಲೊಂದು ಕಣ್ಣಿಟ್ಟಿರುತ್ತೇನೆ ಎಂದಳು ಅವಳು.

ಆ ಸಂಜೆ ಊಟ ಬೇಗ ಮುಗಿಸಿ ಇಬ್ಬರೂ ಕಾಲುವೆಯ ಪಕ್ಕದ ದಾರಿಯಲ್ಲಿ ನಡೆಯಲು ಹೊರಟರು. ಮೊದಮೊದಲು ಗೆರೆ ಇಳಿಸಲೆಂದು ಶುರುವಾದ ನಡಿಗೆ, ಸೆನ್ಸರುಗಳನ್ನು ಕಿತ್ತು ಎಸೆದ ಮೇಲೂ ನಿಂತಿರಲಿಲ್ಲ. ಮಗಳ ಮದುವೆ, ಅಲಮೇಲುವಿನ ಬಾಸು, ಮುಂದೆ ಮೈಸೂರೋ ಇಲ್ಲಿಯೋ ಎಂಬ ಪ್ರಶ್ನೆ, ವರ್ಷಗಳಿಂದ ಊಟದ ಮೇಜಿನಲ್ಲಿ ಅರ್ಧಕ್ಕೇ ನಿಲ್ಲುತ್ತಿದ್ದ ಮಾತೆಲ್ಲ ಆ ದಾರಿಯಲ್ಲಿ ಮುಂದುವರಿಯುತ್ತಿತ್ತು.

ಸೇತುವೆಯ ಬಳಿ ಏಳೆಂಟು ಜನ ಗುಂಪಾಗಿ ನಿಂತಿದ್ದರು. ಇವರೂ ಇಣುಕಿದರು. ಕಾಲುವೆಯ ಮೆಟ್ಟಿಲ ಮೇಲೆ ನೀರುನಾಯಿಗಳ ದೊಡ್ಡ ಸಂಸಾರವೊಂದು ರಾತ್ರಿಯ ಊಟಕ್ಕೆ ಕುಳಿತಿತ್ತು. ಒಂದೊಂದರ ಕೈಯಲ್ಲೂ ಒಂದೊಂದು ಮೀನು. ತಲೆಯಿಂದ ಹಿಡಿದು ಕಟಕಟನೆ ಅಗಿಯುತ್ತಿದ್ದವು. ಮರಿಯೊಂದು ತನ್ನದನ್ನು ಮುಗಿಸಿ ತಾಯಿಯದಕ್ಕೆ ಬಾಯಿ ಹಾಕಿ ಪೆಟ್ಟು ತಿಂದಿತು.

“ಅನ್ನ ಇಲ್ಲ, ಏನಿಲ್ಲ. ಬರೀ ಪ್ರೋಟೀನ್,” ಎಂದಳು ಅಲಮೇಲು ತಗ್ಗಿದ ದನಿಯಲ್ಲಿ.

“ಊಟ ಆದ್ಮೇಲೆ ಎಕ್ಸರ್‌ಸೈಜೂ ಮಾಡ್ತವೆ, ನೋಡು,” ಎಂದ ದ್ವಾರಕನಾಥ.

ಅಷ್ಟರಲ್ಲಿ ಅವೆಲ್ಲ ಒಂದರ ಹಿಂದೊಂದು ನೀರಿಗೆ ಜಾರಿ ಈಜತೊಡಗಿದವು. ನಗುತ್ತ ಇವರಿಬ್ಬರೂ ದಡದ ಮೇಲೆ ಅವುಗಳ ಜೊತೆಜೊತೆಗೇ ನಡೆದರು. ಮಾಮೂಲಾಗಿ ಹಿಂತಿರುಗುತ್ತಿದ್ದ ತಿರುವು ಯಾವಾಗಲೋ ಹಿಂದೆ ಉಳಿದಿತ್ತು.